ಒಂಬತ್ತನೇ ಸಾಲು

ನೂರಿಪ್ಪತ್ತನೇ ಕಿಲೋಮೀಟರಿಗೆ
ತೊಡೆ ಎರಡೂ ನನ್ನವಲ್ಲ.
ಅಲಜಾನಿ ಕಣಿವೆಯ ಜಲ್ಲಿದಾರಿ
ಹಲ್ಲಿನ ಬುಡದವರೆಗೂ ನಡುಗುತ್ತದೆ.

ಟಿಬಿಲಿಸಿಯ ಹುಡುಗರು ಸರ್ರನೆ ಹಾದುಹೋದರು
ಒಬ್ಬರ ಗಾಳಿಮರೆಯಲ್ಲಿ ಇನ್ನೊಬ್ಬರು.
ಅವರಿಗಿದು ಹಸಿರು, ಉದ್ದಕ್ಕೂ ಹಸಿರು.
ನನಗೆ ಏಳನೇ ಸಾಲು, ಎಂಟನೇ ಸಾಲು,
ಫೆಬ್ರವರಿಯಲ್ಲಿ ಕತ್ತರಿ ಹಿಡಿದೇ
ಬೆರಳು ಮರಗಟ್ಟಿದ ಒಂಬತ್ತನೇ ಸಾಲು.

ಅಲ್ಲೊಂದು ಬಳ್ಳಿ ತಂತಿ ತಪ್ಪಿ ಜೋತಿತ್ತು.
ಆಗಷ್ಟೇ ಕಪ್ಪಡರುತ್ತಿದ್ದ ಸಪೆರಾವಿ ಗೊಂಚಲು
ಮಣ್ಣಿಗೆ ಇನ್ನು ಗೇಣು ದೂರ.

ಬ್ರೇಕು ಹಿಡಿದೆ.
ಹ್ಯಾಂಡಲಿನ ನಂಬರು ಬಿಗಿದಿದ್ದ
ಎರಡು ದಾರಗಳಲ್ಲಿ ಒಂದನ್ನು ಬಿಚ್ಚಿ
ಬಳ್ಳಿಯನ್ನೆತ್ತಿ ಕಟ್ಟಿದೆ.
ತೋಟ ನನ್ನದೇನಲ್ಲ.
ಕೈಗೆ ಅದು ಗೊತ್ತಿಲ್ಲ.

ಹಿಂದಿನಿಂದ ಯಾರೋ ಕೂಗಿದರು: ಪಂಕ್ಚರ್ರಾ?
ತಲೆಯಾಡಿಸಿದೆ, ಹೌದೆಂದೋ ಇಲ್ಲವೆಂದೋ.

ಹಿಪ್ಪುನೇರಳೆ ಮರದಡಿ ಮೇಜು ಹಾಕಿ
ಕಾರ್ಡಿಗೆ ಮೊಹರು ಒತ್ತುತ್ತಿದ್ದ ನುಗ್ಜಾರ್,
ತನ್ನ ಗೋಡೆಗಡಿಯಾರವನ್ನೇ ಮನೆಯಿಂದ ಹೊತ್ತು ತಂದಿದ್ದ.
ಒಂದೇ ದಾರಕ್ಕೆ ನೇತಾಡುವ ೨೧೪ನ್ನು
ಕಂಡು ಕೇಳಿದ:
‘ಬಿದ್ದೆಯಾ, ಲಾಮಾರಾ?’

‘ಇಲ್ಲ. ಇಳಿದೆ.’

ಕಲ್ಲಂಗಡಿಯ ಚೂರೊಂದನ್ನು ಬಾಯಿಗಿಟ್ಟು
ಬೀಜ ಉಗಿಯುತ್ತಲೇ ಸೈಕಲ್ ಹತ್ತಿದೆ.
ಇನ್ನೂ ಎಪ್ಪತ್ತಾರು ಇದೆ.