ಬಾಗಿಲು ಬೆನ್ನಿಗಿರಲಿ

ವಾಲ್ಪರೈಸೊ ಗುಡ್ಡದ ನೂರ ಹನ್ನೆರಡನೇ ಮೆಟ್ಟಿಲ ಪಕ್ಕ
ಶಾಲೆಯ ಅಂಗಳದಲ್ಲಿ ಶನಿವಾರ ನಾವು ಹದಿಮೂರು ಮಂದಿ,
ಎರಡು ನಾಯಿ.
ಎದೆಲ್ಮಿರಾ ಬಂದಳು, ಏದುಸಿರಿಲ್ಲದೆ.
ಇಪ್ಪತ್ತೊಂಬತ್ತು ವರ್ಷ ಸಂಬಳವಿಲ್ಲದೆ ಬೆಂಕಿ ಆರಿಸಿದವಳು;
ಸಿಗ್ನಲ್ಲಿನಲ್ಲಿ ಡಬ್ಬಿ ಕುಲುಕಿ
ನೀರಿನ ಪೈಪಿಗೆ ಚಿಲ್ಲರೆ ಕೂಡಿಸಿದವಳು.

"ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರೇ ಎಲ್ಲ.
ಇವತ್ತು ಬೆಂಕಿಯಿಲ್ಲ. ತೋಡೋಣ.

ಬೆಂಕಿ ಅಂದರೆ ಒಂದೇ ಅಂದುಕೊಂಡಿದ್ದೀರಿ,
ನಾಯಿ ಅಂದರೆ ಒಂದೇ ಅಂದುಕೊಂಡ ಹಾಗೆ.
ಒಂದು, ಹಚಾ ಅಂದರೆ ಓಡುತ್ತದೆ.
ಇನ್ನೊಂದು, ಹಚಾ ಅಂದರೇ ಮೈಮೇಲೆ ಬರುತ್ತದೆ.
ಅದಕ್ಕೇ ಮೊದಲು ಕೇಳಿ:
ನೀನು ಏನು ತಿಂದು ಬದುಕಿದ್ದೀಯ?

ಕಟ್ಟಿಗೆ, ಬಟ್ಟೆ, ಕಾಗದ ಅಂದರೆ
ನೀರು ಕೊಡಿ, ಹೊಟ್ಟೆ ತುಂಬ ಕೊಡಿ.
ಆರಿತೆಂದು ತಿರುಗಿ ಹೋಗಬೇಡಿ, ಕೆದಕಿ ನೋಡಿ.
ಬೂದಿ ಮುಚ್ಚಿದ ಕೆಂಡಕ್ಕೂ ನಿದ್ದೆ ಬರುವುದಿಲ್ಲ,
ರಾತ್ರಿ ಎರಡಕ್ಕೆ ಎದ್ದು ಕೂರುತ್ತದೆ."

ಕಂಬದಿಂದ ತಂತಿ ಎಳೆದುಕೊಂಡ ಯೆರ್ಕೊ
ತಲೆ ತಗ್ಗಿಸಿದ್ದ. ಅವಳು ಬೈಯಲಿಲ್ಲ.
"ಮೊದಲು ಮೇನ್ ಸ್ವಿಚ್ಚು. ಆಮೇಲೆ ಪುಡಿಯ ಸಿಲಿಂಡರು.
ನೀರು ಎರಚಿದೆಯೋ,
ಆ ನೀರೇ ತಂತಿಯಾಗಿ ನಿನ್ನ ಕೈಗೆ ಬರುತ್ತದೆ."

ಗ್ಯಾಸ್ ಮಾರುವ ಡಾನ್ ಹೊನೊರಿಂಡೊ
ನಲವತ್ತು ವರ್ಷ ಸಿಲಿಂಡರಿನ ಮೇಲೆ ಕೋಲು ಬಡಿದು
ಓಣಿಯನ್ನು ಎಬ್ಬಿಸಿದವನು, ಕೋಲು ಕೆಳಗಿಟ್ಟ.
"ಜ್ವಾಲೆಗೆ ಕೈ ಹಾಕಬೇಡ, ಕೀಲಿಗೆ ಹಾಕು. ತಿರುಗಿಸು.
ಕೀಲಿ ಸಿಗದಿದ್ದರೆ ಉರಿಯಲಿ ಬಿಟ್ಟು, ಜನರನ್ನು ದೂರ ಕಳಿಸು.
ಕಾಣುವ ಬೆಂಕಿಗಿಂತ ಕಾಣದೆ ತುಂಬಿಕೊಳ್ಳುವ ಗ್ಯಾಸು ಕೆಟ್ಟದ್ದು."

ಆಮೇಲೆ ನನ್ನ ಕಡೆ ತಿರುಗಿದಳು.
"ನೊಲ್ಫಾ, ನಿನ್ನ ಬಾಣಲೆ ಹೊತ್ತಿಕೊಂಡರೆ?"
ಬಕೆಟ್ಟು ಪಕ್ಕದಲ್ಲೇ ಇರುತ್ತದೆ, ಅಂದೆ.
ಎಲ್ಲರೂ ನಕ್ಕರು. ಅವಳು ನಗಲಿಲ್ಲ.
ನಮ್ಮನ್ನು ಗೋಡೆಯವರೆಗೆ ಹಿಂದೆ ಸರಿಸಿ
ಉರಿಯುವ ಎಣ್ಣೆಗೆ ಉದ್ದ ಕೋಲಿನ ತುದಿಯಿಂದ
ಒಂದೇ ಲೋಟ ನೀರು ಸುರಿದಳು.

ಶಾಲೆಯ ಹೆಂಚಿಗಿಂತ ಎತ್ತರ ಎದ್ದಿತು.
ನಾಯಿಗಳು ಇವತ್ತಿಗೂ ಆ ಅಂಗಳಕ್ಕೆ ಹೋಗುವುದಿಲ್ಲ.

"ಬೆಂಕಿಗೆ ತುಪ್ಪ ಸುರಿಯಬೇಡ ಅನ್ನುತ್ತಾರೆ.
ಎಣ್ಣೆಗೆ ನೀರೇ ತುಪ್ಪ."

ಕೊನೆಗೆ ಕೆಂಪು ಸಿಲಿಂಡರನ್ನು ಒಬ್ಬೊಬ್ಬರ ಕೈಗೆ ಕೊಟ್ಟಳು.
ಪಿನ್ನು ಎಳೆ. ಬುಡಕ್ಕೆ ಗುರಿಯಿಡು, ತಲೆಗಲ್ಲ. ಹಿಡಿ ಒತ್ತು.
ಕಸ ಗುಡಿಸಿದಂತೆ ಅತ್ತಿಂದಿತ್ತ.
"ಒಂದು ಸಿಲಿಂಡರು ಮುಗಿದೂ ಅದು ಮುಗಿಯದಿದ್ದರೆ
ಅದು ನಿನ್ನ ಬೆಂಕಿಯಲ್ಲ. ಹೊರಡು.
ಎಲ್ಲಿ ನಿಂತರೂ ಬಾಗಿಲು ಬೆನ್ನಿಗಿರಲಿ."

ಆಗಸ್ಟಿನ ಮಳೆಯಲ್ಲಿ, ಸೊಪಾಯ್ಪಿಯಾಕ್ಕೆ ಸಾಲು ನಿಂತ ದಿನ,
ಚಿಲ್ಲರೆ ಎಣಿಸುತ್ತಿದ್ದೆ. ಎಣ್ಣೆ ಹೊಗೆಯಾಡಿತು, ಹೊತ್ತಿತು.
ಕೈ ಬಕೆಟ್ಟಿಗೆ ಹೋಯಿತು. ಹೋದ ಕೈಯನ್ನು ನಾನೇ ಹಿಡಿದೆ.
ಒಲೆ ಆರಿಸಿದೆ. ಮುಚ್ಚಳವನ್ನು ನನ್ನ ಕಡೆಯಿಂದ
ಆಚೆಗೆ, ಗುರಾಣಿಯಂತೆ, ಜಾರಿಸಿದೆ.

ಅಷ್ಟೇ. ಕಷ್ಟ ಆಮೇಲಿನದು.
ಒಳಗೆ ಸತ್ತಿದೆಯೋ ಮಲಗಿದೆಯೋ
ಒಂದು ಸಲ ಎತ್ತಿ ನೋಡಿಬಿಡೋಣ ಅನ್ನುವ ತುರಿಕೆ.
ಎದೆಲ್ಮಿರಾಳ ಮುಂಗೈಯ ಗಾಯ ಬೆಂಕಿಯದಲ್ಲ,
ಹಾಗೆ ಎತ್ತಿ ನೋಡಿದ್ದರದು.
ಒಬ್ಬ ಹುಡುಗ ಕೈಯಲ್ಲಿ ಸಾಸಿವೆ ಡಬ್ಬಿ ಹಿಡಿದು
"ನನ್ನದು ಆಯಿತಾ?" ಅಂತ ಮೂರು ಸಲ ಕೇಳಿದ.
ಮಳೆ ನಿಲ್ಲುವವರೆಗೆ ಮುಟ್ಟಲಿಲ್ಲ.

ಫೆಬ್ರವರಿಯಲ್ಲಿ ತೆಂಕಣ ಗಾಳಿ.
ನೀಲಗಿರಿ ತೋಪಿನಿಂದ ಇಳಿದದ್ದಕ್ಕೆ
ಏನು ತಿನ್ನುತ್ತೀಯ ಅಂತ ಕೇಳುವ ಹಾಗಿರಲಿಲ್ಲ.
ಎಲ್ಲವನ್ನೂ ತಿನ್ನುತ್ತಿತ್ತು.
ಓಣಿಯಲ್ಲಿ ಎದೆಲ್ಮಿರಾ ಬಾಗಿಲು ಬಾಗಿಲು ಬಡಿಯುತ್ತಿದ್ದಳು,
ಡಾನ್ ಹೊನೊರಿಂಡೊ ಕೋಲಿನಲ್ಲಿ ತಗಡು ಬಡಿಯುತ್ತಿದ್ದ,
ಈ ಸಲ ಯಾವ ರಾಗವೂ ಇರಲಿಲ್ಲ.

ಗುಡ್ಡಕ್ಕೆ ಬಾಗಿಲು ಸಮುದ್ರದ ಕಡೆ.
ತಿರುಗಿದೆವು. ನೂರ ಹನ್ನೆರಡು ಮೆಟ್ಟಿಲು ಇಳಿದೆವು.

ದಡದಲ್ಲಿ ಬೆಳಗಾದಾಗ ನೋಡಿಕೊಂಡೆ:
ಫೋಟೋ ಇಲ್ಲ, ಪತ್ರ ಇಲ್ಲ, ಒಂದು ಚಪ್ಪಲಿ ಇಲ್ಲ.
ಕೈಯಲ್ಲಿ ಬಾಣಲೆಯ ಮುಚ್ಚಳ.
ಯಾಕೆ ತಂದೆ ಅಂತ ಯಾರೂ ಕೇಳಲಿಲ್ಲ.