ಒಂದು ನೂಲು ಸರಿದ ಕರಡಿ

ಕೌಲ್ ಬಜಾರಿನ ನನ್ನ ಅಂಗಡಿಯಲ್ಲಿ ಕತ್ತಲಕೋಣೆ ಅಂದರೆ
ಬಚ್ಚಲ ಬಾಗಿಲಿಗೆ ಹೊದಿಸಿದ ಕರಿಕಂಬಳಿ.
ಎಮಲ್ಷನ್ ಬಳಿದ ಚೌಕಟ್ಟು ಅಲ್ಲಿ ಒಣಗಬೇಕು,
ಎದೆಗವಚಿಕೊಂಡು ನಾನು ಮಾಳಿಗೆಗೆ ಓಡಬೇಕು.
ಬೇರೆ ಊರಲ್ಲಿ ಇದಕ್ಕೆ ಲೈಟು, ಟೈಮರು.
ಬಳ್ಳಾರಿ ಬಿಸಿಲಿಗೆ ನಲವತ್ತು ಎಣಿಸಿದರೆ ಸಾಕು.
ನಲವತ್ತೊಂದಕ್ಕೆ ಚಿತ್ರ ಬೆಂದುಹೋಗುತ್ತದೆ.

ಅಂಥದೊಂದು ಮಧ್ಯಾಹ್ನ ಹೊನ್ನೂರವಲಿ ಬಂದ.
ಜೀನ್ಸ್ ಯೂನಿಟ್ಟಿನಲ್ಲಿ ಗುಂಡಿ ಹೊಡೆಯುವ ಹುಡುಗ,
ಬೆರಳ ತುದಿಯೆಲ್ಲ ನೀಲಿ,
ಹೆಗಲಲ್ಲಿ, ಗೋಣಿಚೀಲದೊಳಗೆ, ಗಿಟಾರು.
"ಅಣ್ಣಾ, ನಮ್ಮ ಬ್ಯಾಂಡಿಗೊಂದು ಪ್ರಾಣಿ ಬೇಕು.
ಹುಲಿ ಬ್ಯಾಡ. ಹುಲಿ ಎಲ್ಲಾರತ್ರ ಐತಿ."

ಅಗರಬತ್ತಿಗೆ ನವಿಲು, ಲಗ್ನದ ಚೀಲಕ್ಕೆ ಗಿಳಿ,
ಇಷ್ಟೇ ಒತ್ತಿದವನು ನಾನು.
ದರೋಜಿಯ ಕರಡಿ ನೆನಪಾಯಿತು:
ಬೆಲ್ಲದ ಪಾಕ ಬಳಿದ ಬಂಡೆಗೆ ಸಂಜೆ ಇಳಿದು ಬಂದು
ಯಾರನ್ನೂ ನೋಡದೆ ನೆಕ್ಕಿ ಹೋಗುವುದು,
ಎದೆಯ ಮೇಲೊಂದು ಬಿಳಿ ವಿ.
"ವಲಿಯ ವಿ," ಅಂದ, ನಕ್ಕ, ಮುಂಗಡ ಮಾತ್ರ ಕೊಡಲಿಲ್ಲ.

ನಾಲ್ಕು ಬಣ್ಣ, ನಾಲ್ಕು ಚೌಕಟ್ಟು.
ಮೈಗೆ ಗುಲಾಬಿ, ಲಗ್ನದ ಚೀಲದಲ್ಲಿ ಉಳಿದದ್ದು.
ನಾಲಿಗೆಗೆ ಅರಿಷಿಣ.
ಉಗುರಿಗೆ, ವಾಷಿಂಗ್ ಯೂನಿಟ್ಟಿನ ಮೋರಿಯಲ್ಲಿ ಹರಿಯುತ್ತದಲ್ಲ, ಆ ನೀಲಿ.
ಕೂದಲ ಬದಲು ಸಾಸಿವೆ ಚುಕ್ಕಿ, ಸುತ್ತ ದಪ್ಪ ಕಪ್ಪುಗೆರೆ.
ವಿಗೆ ಬಣ್ಣವಿಲ್ಲ, ಅಂಗಿಯ ಬಿಳಿಯೇ ಸಾಕು.
ಕೂಲಿಂಗ್ ಗ್ಲಾಸು ಹಾಕು ಅಂದ. ಹಾಕಲಿಲ್ಲ.

ಕೊನೆಯ ಕಪ್ಪು ಕೂಡಿಸುವಾಗ ಒಂದು ನೂಲು ಸರಿಯಿತು.
ಗೆರೆಯಾಚೆ ಬಂತು ಗುಲಾಬಿ,
ಕರಡಿ ತನ್ನ ತೊಗಲಿನಿಂದ ಹೊರಗೆ ಹಣಕಿದ ಹಾಗೆ.
ಕೆಟ್ಟಿತು ಬಿಡಪ್ಪ, ಅಂದೆ.
ಅವನು ಅಂಗಿಯನ್ನು ಬಾಗಿಲ ಬೆಳಕಿಗೆ ಹಿಡಿದು,
"ನಾ ಹಾಡೋದೂ ಹಿಂಗಾ ಅಣ್ಣಾ."

ಮೊದಲ ಶೋಗೆ ಮೂವತ್ತೊಂದು ಜನ,
ಅದರಲ್ಲಿ ಏಳು ಮಂದಿ ಕ್ಯಾಂಟೀನಿನವರು.
ಡ್ರಮ್ಮಿನ ಮೇಲೆ ಕರಡಿ, ಏಟು ಬಿದ್ದಾಗೆಲ್ಲ ಹೊಟ್ಟೆ ನಡುಗಿಸುತ್ತ.
ಆಮೇಲೆ ಹೈದರಾಬಾದು, ಪುಣೆ, ದೂರದ ಶಿಲ್ಲಾಂಗು.
ಅದಿರು ಲಾರಿಯ ಹಿಂದೆ, ಆಟೋದ ಬೆನ್ನಿಗೆ,
ಒಬ್ಬ ಹುಡುಗಿಯ ಭುಜಕ್ಕೆ
ನಾನು ಒತ್ತದ ಕರಡಿಗಳು.
ಪ್ರತಿಯೊಂದರಲ್ಲೂ ನನ್ನ ತಪ್ಪನ್ನು ಅಳತೆ ಹಿಡಿದು ಮಾಡಿದ್ದರು.

ಮೂರನೇ ಆಲ್ಬಮ್ಮಿಗೆ ಮುಂಬೈ ಕಂಪನಿ
ಕಂಪ್ಯೂಟರಿನಲ್ಲಿ ಗುಲಾಬಿಯನ್ನು ಗೆರೆಯೊಳಗೆ ದಬ್ಬಿತು.
ಕೂಲಿಂಗ್ ಗ್ಲಾಸೂ ಬಂತು.
ಹಾಡಿನ ವಿಷಯ ನನಗೆ ತಿಳಿಯದು.
ಎಲ್ಲಿ ಜಾರುತ್ತಿದ್ದನೋ ಅಲ್ಲಿ ಜಾರಲಿಲ್ಲ, ಅಷ್ಟು ಕೇಳಿಸಿತು.
ಮಗಳು ಫೋನು ಆರಿಸಿ ಊಟಕ್ಕೆ ಕರೆದಳು.

ಹೋದ ವಾರ ಬಂದಿದ್ದ. ಗಡ್ಡ ನೆರೆತಿದೆ,
ಬೆರಳು ಬೆಳ್ಳಗಾಗಿದೆ.
"ಗುಲಾಬಿ ಚೌಕಟ್ಟು ಐತೇನಣ್ಣಾ?"
ತೇಗದ ಕಟ್ಟು, ಒಳ್ಳೇ ಮೆಶ್ಶು, ಸುಮ್ಮನೆ ಯಾರು ಇಡುತ್ತಾರೆ?
ಬ್ಲೀಚು ಹಾಕಿ ತೊಳೆದು, ವರ್ಷ ಹನ್ನೊಂದಾಯಿತು,
ಸಿರುಗುಪ್ಪದ ಸೋನಾ ಮಸೂರಿ ಚೀಲ ಒತ್ತುತ್ತಿದ್ದೇನೆ.

ತಾನೇ ಎತ್ತಿ ಬಿಸಿಲಿಗೆ ಹಿಡಿದ.
ಭತ್ತದ ತೆನೆಯ ಹಿಂದೆ, ಇಪ್ಪತ್ತೈದು ಕೆಜಿಯ ಹಿಂದೆ,
ನೂಲಿನೊಳಗೇ ಕೂತ ತಿಳಿಗುಲಾಬಿ ಮೈ,
ಎದೆಯಲ್ಲಿ ಮಾತ್ರ ಕಲೆಯಿಲ್ಲದ ವಿ.
ನಮ್ಮ ಕಸುಬಿನಲ್ಲಿ ಇದಕ್ಕೆ ದೆವ್ವ ಅನ್ನುತ್ತೇವೆ.
"ಇದನ್ನೊಂದು ಒತ್ತಿ ಕೊಡು."
ಕಾಣುತ್ತದೆ ಕಣೋ, ದೆವ್ವ ಒತ್ತಿದರೆ ಬರುವುದಿಲ್ಲ.

ಕಾರಿನವನು ಹಾರ್ನು ಹೊಡೆಯುತ್ತಿದ್ದ. ಇವನು ಏಳಲಿಲ್ಲ.
ಮಂಡಕ್ಕಿ ತರಿಸಿದೆ, ಮೆಣಸಿನಕಾಯಿ ಬಜ್ಜಿ ಇವನೇ ಮೂರು ತಿಂದ.
ಹೊಸ ಚೌಕಟ್ಟು ಒಣಗಿತ್ತು, ಮಾಳಿಗೆಗೆ ಹೋದೆ,
ಬಿಸಿಲಿಗೆ ಒಡ್ಡಿ ಎಣಿಸತೊಡಗಿದೆ.
ಕೆಳಗೆ ಅವನು ಏನೋ ಗುನುಗುತ್ತಿದ್ದ,
ತಾಳದಿಂದ ಒಂದು ನೂಲು ಆಚೆ.
ಮೂವತ್ತಾರು, ಮೂವತ್ತೇಳು,
ಆಮೇಲೆ
ಎಷ್ಟಾಯಿತೋ.