ಅಂಟು ಒಣಗೋ ತನಕ

ಮೀಟರ್ ಓದಲು ಹೋದವಳು ನಾನು,
ಮಂಡಿ ಮೊಹಲ್ಲಾದ ಹಿಟ್ಟಿನ ಗಿರಣಿಯ ಹಿಂದಿನ ಶೆಡ್ಡಿಗೆ.
ಅಂಕಿ ಬರೆದುಕೊಂಡು ತಿರುಗುವಷ್ಟರಲ್ಲಿ
ದಸ್ತಗೀರ್ ಸಾಬರು ತಲೆ ಎತ್ತದೆ ಅಂದರು:
"ಇದನ್ನೊಂಚೂರು ಹಿಡ್ಕೊಳಮ್ಮ, ಅಂಟು ಒಣಗೋ ತನಕ."

ಹಿಡಿದೆ. ಬೆರಳಗಲದ ಹಲಸಿನ ಪಟ್ಟಿ,
ಮೀನಿನ ಮುಳ್ಳಿನಂಥ ಚೌಕಟ್ಟಿನ ಮೇಲೆ.
ಏನಿದು ಅಂದೆ. ಹಡಗು ಅಂದರು,
ತೊಟ್ಟಿಲು ಅಂದಷ್ಟೇ ಸಲೀಸಾಗಿ.
ನಾಲ್ಕು ವರ್ಷವಾಯಿತು.
ಇನ್ನೂ ಹಿಡಿದುಕೊಂಡೇ ಇದ್ದೇನೆ.

ಭಾನುವಾರ ಎರಡರ ಮೇಲೆ ನಾವು ನಾಲ್ವರು.
ಬೀಟೆಯ ಹಲಗೆಯಲ್ಲಿ ನಲವತ್ತು ವರ್ಷ
ಆನೆಗಳನ್ನು ಕೂರಿಸಿದ ಸಾಬರು.
ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಚಿಕ್ಕರಂಗಯ್ಯನವರು,
ಜೇಬಿನಲ್ಲಿ ಪೆನ್ನಿನ ಬದಲು ಕ್ಯಾಲಿಪರ್.
ಮಕ್ಕಳ ವಾರ್ಡಿನ ನರ್ಸ್ ಫಿಲೋಮಿನಾ,
ಅವಳ ಚಿಮುಟಕ್ಕೆ ಬಗ್ಗದ ಗಂಟಿಲ್ಲ.
ಮತ್ತೆ ನಾನು, ಹಿಡಿದುಕೊಳ್ಳುವವಳು.

ಸಮುದ್ರ ಕಂಡವಳು ಫಿಲೋಮಿನಾ ಒಬ್ಬಳೇ,
ಅದೂ ಬಸ್ಸಿನ ಕಿಟಕಿಯಿಂದ, ವಾಂತಿ ಮಾಡುತ್ತಾ.

ಪಟ್ಟಿ ಬಾಗಿಸುವುದು ಇಡ್ಲಿ ಪಾತ್ರೆಯ ಹಬೆಯಲ್ಲಿ.
ಹತ್ತು ನಿಮಿಷ. ಹೆಚ್ಚಾದರೆ ಸೀಳು, ಕಡಿಮೆಯಾದರೆ ಹಟ.
ಮೇಲಟ್ಟಕ್ಕೆ, ಸೊಂಡಿಲು ಕೊರೆದು ಮಿಕ್ಕ ಬೀಟೆಯ ಚೂರು.
ಹಾಯಿಗೆ ಚಿಕ್ಕರಂಗಯ್ಯನವರ ಹಳೇ ಪಂಚೆ,
ಟೀ ಡಿಕಾಕ್ಷನ್ನಿನಲ್ಲಿ ಅದ್ದಿ
ಊರೂರು ಬಿಸಿಲು ತಿಂದ ಬಣ್ಣಕ್ಕೆ ತಂದದ್ದು.
ಹಗ್ಗಕ್ಕೆ ಕಪ್ಪು ನೂಲು, ಜೇನುಮೇಣ ತೀಡಿ.
ಎಲ್ಲವೂ ಚಿಕ್ಕದು.
ಜಗಳ ಮಾತ್ರ ಪೂರ್ತಿ ಅಳತೆಯದು.

ಎಡಮಗ್ಗುಲು ಸಾಬರದು, ಬಲಮಗ್ಗುಲು ಚಿಕ್ಕರಂಗಯ್ಯನವರದು.
"ಕಣ್ಣಳತೆ ಕೈ ಕೊಡುತ್ತೆ ಸಾಬ್ರೇ."
"ನಿಮ್ಮ ಕ್ಯಾಲಿಪರ್ ಮರದ ಹತ್ರ ಮಾತಾಡುತ್ತಾ?"
ಮೂರು ವಾರ, ಮುಖ ಕೊಟ್ಟು ಮಾತಿಲ್ಲದೆ
ಒಂದೇ ಹಡಗಿನ ಎರಡು ಮಗ್ಗುಲು ಉಜ್ಜಿದರು.
ಮೂತಿಯಲ್ಲಿ ಪಟ್ಟಿಗಳು ಕೂಡಿದಾಗ
ಒಂದು ಗೋಧಿಕಾಳಿನಷ್ಟು ಅಂತರ.
ಫಿಲೋಮಿನಾ ಮರದ ಹುಡಿಗೆ ಅಂಟು ಕಲಸಿ
ಹುಳುಕು ಹಲ್ಲಿಗೆ ತುಂಬುವ ಹಾಗೆ ತುಂಬಿದಳು.

ತೇಲುವ ಹಡಗಲ್ಲ ಇದು, ಗಾಜಿನೊಳಗೆ ಕೂರುವಂಥದ್ದು.
ಆದರೂ ಆಸೆ.
ಕೆರೆ ಬೇಡ, ಅಲ್ಲಿ ನೋಡುವವರು ಜಾಸ್ತಿ.
ಕಾವೇರಿ ನೀರು ಬಿಟ್ಟ ದಿನ
ಫಿಲೋಮಿನಾಳ ಮನೆ ಸಂಪಿನ ಮುಚ್ಚಳ ತೆಗೆದೆವು.
ಕೂವೆಮರ ಇನ್ನೂ ನೆಟ್ಟಿರಲಿಲ್ಲ. ಟಾರ್ಚು ನನ್ನ ಕೈಲಿ.
ಕತ್ತಲ ನೀರಿಗೆ ಇಳಿಯಿತು,
ಒಂದು ಗಳಿಗೆ ನೆಟ್ಟಗೆ ನಿಂತಿತು,
ಆಮೇಲೆ ಬಲಕ್ಕೆ ವಾಲಿತು.

ಸಾಬರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.
ಚಿಕ್ಕರಂಗಯ್ಯನವರು ಕ್ಯಾಲಿಪರ್ ತೆಗೆದು
ಏನನ್ನೂ ಅಳೆಯದೆ ಮತ್ತೆ ಜೇಬಿಗಿಟ್ಟರು.

ಮುಂದಿನ ಭಾನುವಾರ ಮತ್ತೆ ಸಂಪು, ಮತ್ತೆ ಟಾರ್ಚು.
ಈ ಸಲ ನನ್ನ ಚೀಲದಲ್ಲಿ
ಹಳೇ ಮೀಟರುಗಳಿಂದ ಕತ್ತರಿಸಿದ ಸೀಸದ ಸೀಲುಗಳು.
ಕಚೇರಿಗೆ ಒಪ್ಪಿಸಬೇಕಾದವು. ಒಪ್ಪಿಸಿರಲಿಲ್ಲ.
ಎಡತಳಕ್ಕೆ ಒಂದೊಂದೇ ಇಟ್ಟೆ:
ಬಳೆ ಅಂಗಡಿಯದು,
ತಿಲಕ್ ನಗರದ ವಠಾರದ್ದು,
ಬಿಲ್ಲು ಕಟ್ಟದವರ ಮನೆಯದು. ಅಲ್ಲೊಂದು ಮಗು
ಸ್ಲೇಟು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು.
ಹತ್ತೊಂಬತ್ತನೆಯದಕ್ಕೆ ಹಡಗು ನೆಟ್ಟಗಾಯಿತು.
ಅದು ಯಾರ ಮನೆಯದೋ, ನೆನಪಿಲ್ಲ.

ಮೇಲೆ ಹಲಗೆ ಹೊಡೆದಾಯಿತು.
ಹೊಟ್ಟೆಯೊಳಗೆ ಏನಿದೆಯೆಂದು ಇನ್ನು ಯಾರಿಗೂ ಕಾಣದು.
ಕೂವೆಮರ ಮೂರೂ ನಿಂತವು, ಪಂಚೆ ಬಿಚ್ಚಿಕೊಂಡಿತು.
ಹೆಸರು ಮಾತ್ರ ಇಟ್ಟಿಲ್ಲ, ಅದಕ್ಕೂ ಜಗಳವಿದೆ.

ಈ ತಿಂಗಳೂ ಮೀಟರ್ ಓದಿದೆ.
ಯೂನಿಟ್ಟು ಏರಿದೆ, ಇಡ್ಲಿ ಪಾತ್ರೆಯದೇ ಕೆಲಸ.
ಇದ್ದದ್ದು ಇದ್ದ ಹಾಗೆ ಬರೆದುಕೊಂಡೆ.
ಒಳಗಿಂದ ಸಾಬರ ದನಿ:
"ಬರೆದಾಯ್ತಾ? ಬಾ.
ಎರಡನೇದಕ್ಕೆ ಬೆನ್ನುಮರ ಕೊಯ್ದಿದ್ದೀನಿ.
ರಂಗಯ್ಯನೋರಿಗೆ ಹೇಳು,
ಈ ಸಲ ಬಲಮಗ್ಗುಲು ನಂದು."